ಬಿಸಿ ಎಷ್ಟಿತ್ತು ಎಂದು ಕೇಳುತ್ತಿದ್ದ ಅಕ್ಕ

ಮೊದಲು ಅವರ ಗಂಟಲಿನ ಬಗ್ಗೆ ಹೇಳಿಬಿಡುತ್ತೇನೆ. ಪೀಣ್ಯದ ನಮ್ಮ ಷೆಡ್ಡಿನಲ್ಲಿ ಪುಡಿ ಒತ್ತುವ ಯಂತ್ರ, ಉಜ್ಜುವ ಯಂತ್ರ, ಕುಲುಮೆಗೆ ಗಾಳಿ ಊದುವ ಯಂತ್ರ ಎಲ್ಲ ಒಟ್ಟಿಗೆ ಅರಚಿಕೊಳ್ಳುತ್ತಿದ್ದಾಗಲೂ ಆ ಗಂಟಲು ಸಲೀಸಾಗಿ ನಮ್ಮ ಕಿವಿಗೆ ಬಂದು ಬೀಳುತ್ತಿತ್ತು. ನಾನು ರವಾನೆ ವಿಭಾಗದಲ್ಲಿ ಗುಮಾಸ್ತನಾಗಿ ಸೇರಿ ಇನ್ನೂ ವಾರ ಕಳೆದಿರಲಿಲ್ಲ. ಹಿಂದಿನಿಂದ ಕೂಗು ಕೇಳಿಸಿತು.

"ಬನ್ರೀ! ಬೇಗ ಬನ್ರೀ! ಸಾಯ್ತಾ ಇದೆ!"

ಯಾರಿಗೋ ಕರೆಂಟು ಹೊಡೆಯಿತೆಂದು ನಾನು ಕೈಲಿದ್ದುದನ್ನು ಎಸೆದು ಓಡಿದೆ. ಹೋಗಿ ನೋಡಿದರೆ ದಪ್ಪ ಕನ್ನಡಕದ ಒಬ್ಬ ಹೆಂಗಸು, ಸೆರಗನ್ನು ಸೊಂಟಕ್ಕೆ ಬಿಗಿದು ಉರಿ ಕಾರುವ ಬ್ಲೋಲ್ಯಾಂಪ್ ಹಿಡಿದು ನಿಂತಿದ್ದಾರೆ. ಎದುರಿಗೆ ತಾಮ್ರದ ತಂತಿಯಲ್ಲಿ ಒಂದು ಕಬ್ಬಿಣದ ಮೊಳೆ ನೇತುಹಾಕಿದೆ. ಪಕ್ಕದಲ್ಲಿಟ್ಟ ಅಯಸ್ಕಾಂತದ ಸೆಳೆತಕ್ಕೆ ಸಿಕ್ಕು ಮೊಳೆ ಅದರ ಕಡೆ ವಾಲಿಕೊಂಡಿದೆ. ಬೆಂಕಿ ತಗುಲಿ ಅದು ಕೆಂಪಾಯಿತು, ಇನ್ನೂ ಕೆಂಪಾಯಿತು, ಇದ್ದಕ್ಕಿದ್ದಂತೆ ಅಯಸ್ಕಾಂತದ ಪರಿಚಯವೇ ಇಲ್ಲವೆಂಬಂತೆ ಬಿಟ್ಟು ನೇರವಾಗಿ ಜೋತುಬಿತ್ತು. "ಸತ್ತೋಯ್ತು!" ಎಂದು ಅವರು ಕುಣಿದರು. ಬೆಂಕಿ ತೆಗೆದರು. ಮೊಳೆಯ ಕೆಂಪು ಇಳಿಯಿತು. ಟಕ್ಕನೆ ಅದು ಮತ್ತೆ ಅಯಸ್ಕಾಂತದ ಕಡೆ ವಾಲಿತು. "ಹುಟ್ತು ನೋಡಪ್ಪಾ, ಹುಟ್ತು!" ಎಂದು ನನ್ನ ಬೆನ್ನಿಗೆ ಗುದ್ದಿದರು. ನಾನು ಯಾರು, ನನ್ನ ಹೆಸರೇನು, ಏನನ್ನೂ ಕೇಳಿರಲಿಲ್ಲ. ಗುದ್ದು ಮಾತ್ರ ಚೆನ್ನಾಗಿಯೇ ಬಿದ್ದಿತ್ತು.

ಅವರು ತೀರಿಕೊಂಡರೆಂದು ಹೋದ ತಿಂಗಳು, ಆಗ ಷೆಡ್ಡಿನಲ್ಲಿ ನಮ್ಮ ಜೊತೆಗಿದ್ದ ಗೌರಮ್ಮ ಫೋನ್ ಮಾಡಿ ಹೇಳಿದಳು. ಹಳೆಯದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಆಮೇಲೆ ಯಾರು ಮೊದಲು ಶುರುಮಾಡಿದೆವೋ, ಇಬ್ಬರೂ ನಗತೊಡಗಿದೆವು. ಸಾವಿನ ಸುದ್ದಿಗೆ ಹೀಗೆ ನಗುವಂತೆ ಮಾಡಿದವರು ನನ್ನ ಬದುಕಿನಲ್ಲಿ ಅವರೊಬ್ಬರೇ. ಇಡೀ ಷೆಡ್ಡಿಗೆ ಅವರು ಅಕ್ಕ. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ, ಇಲ್ಲಿಯೂ ಅಕ್ಕ ಎಂದೇ ಬರೆಯುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮನೆಮನೆಗೂ ರೇಡಿಯೋ ಬರುತ್ತಿತ್ತು, ರೇಡಿಯೋ ಎಂದಮೇಲೆ ಸ್ಪೀಕರು, ಸ್ಪೀಕರಿನ ಬೆನ್ನಿಗೆ ಒಂದು ಅಯಸ್ಕಾಂತ. ನಾವು ಮಾಡುತ್ತಿದ್ದುದು ಆ ಅಯಸ್ಕಾಂತವನ್ನು. ಉದ್ದಿನ ವಡೆಯ ಹಾಗೆ ನಡುವೆ ತೂತಿರುವ ಕಪ್ಪು ಬಿಲ್ಲೆ. ಹೆಸರು ಫೆರೈಟ್, ಷೆಡ್ಡಿನವರ ಬಾಯಲ್ಲಿ ಬರೀ ಕಲ್ಲು. ಪುಡಿಯನ್ನು ಒತ್ತಿ, ಕುಲುಮೆಯಲ್ಲಿ ಸುಟ್ಟು, ಉಜ್ಜಿ, ಕೊನೆಗೆ ಕರೆಂಟಿನ ಸುರುಳಿಯಲ್ಲಿಟ್ಟು ಒಂದು ಏಟು ಕೊಟ್ಟರೆ ಅದಕ್ಕೆ ಸೆಳೆಯುವ ಬಲ ಬರುತ್ತಿತ್ತು. ಅಕ್ಕ ಬಿ.ಎಸ್ಸಿ. ಓದಿದವರು, ಕುಲುಮೆ ಮತ್ತು ತಪಾಸಣೆ ಎರಡಕ್ಕೂ ಮೇಲ್ವಿಚಾರಕಿ. ಗಂಡ ಸರ್ಕಾರಿ ಕಾರ್ಖಾನೆಯಲ್ಲಿದ್ದರು, ಮನೆ ಅದರ ಕ್ವಾರ್ಟರ್ಸಿನಲ್ಲಿ. ನಮ್ಮಲ್ಲಿಗೆ ಬರುವ ಮೊದಲು ಅಕ್ಕ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರಂತೆ. ಪ್ರಯೋಗ ತೋರಿಸಲು ಹೋಗಿ ಒಂದು ಬೆಂಚು ಸುಟ್ಟುಹಾಕಿದರಂತೆ. ಆ ಕೆಲಸವನ್ನು ಬಿಟ್ಟರೋ ಬಿಡಿಸಿದರೋ ಎಂದು ಕೇಳಿದರೆ, "ಬೆಂಚು ಹಳೇದು ಕಣಪ್ಪಾ, ಒಳಗೆಲ್ಲಾ ಗೆದ್ದಲು" ಎನ್ನುತ್ತಿದ್ದರು.

ಅವರಿಗೆ ಲೋಕದಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಬಿಸಿ ಎಷ್ಟಿತ್ತು? ಕಲ್ಲು ಬಿರುಕು ಬಿಟ್ಟರೆ ಬಿಸಿ ಎಷ್ಟಿತ್ತು. ಅಳತೆಯ ಮುಳ್ಳು ಅಲುಗಿದರೆ ಬಿಸಿ ಎಷ್ಟಿತ್ತು. ಒಂದು ದಿನ ಜಾಲಹಳ್ಳಿಯ ಹತ್ತಿರ ಬಸ್ಸು ಕೆಟ್ಟು ನಾನು ತಡವಾಗಿ ಬಂದೆ. ಕಾರಣ ಹೇಳಿದರೆ, "ಇಂಜಿನ್ ಬಿಸಿ ಎಷ್ಟಿತ್ತು?" ಎಂದರು. ನಾನೇನು ಬಾನೆಟ್ಟಿನೊಳಗೆ ಕೂತು ಬಂದಿದ್ದೆನೇ? ಯಾರದೋ ಮದುವೆಗೆ ಹೋದಾಗ ಅಡುಗೆಯವರ ನಡುವೆ ನುಗ್ಗಿ, ಒಲೆಯ ಮೇಲೆ ಕಾದ ದೋಸೆಹಂಚಿಗೆ ಅಯಸ್ಕಾಂತ ಅಂಟಿಸಿ ನೋಡಿ ಬೈಸಿಕೊಂಡದ್ದೂ ಉಂಟು. "ಹಂಚು ಸಾಯೋಕೆ ಆ ಬೆಂಕಿ ಏನೂ ಸಾಲ್ದು. ಅಯಸ್ಕಾಂತ ಮಾತ್ರ ಸಪ್ಪಗಾಗಿತ್ತು" ಎಂದು ಮರುದಿನ ನಮಗೆ ವರದಿ ಒಪ್ಪಿಸಿದರು. ಹುಡುಗಿ ಹೇಗಿದ್ದಳು, ಊಟ ಹೇಗಿತ್ತು ಎಂದರೆ ನೆನಪಿಲ್ಲ.

ಬಿಸಿಯಾದರೆ ಯಾಕೆ ಬಲ ಹೋಗುತ್ತದೆ ಎಂದು ನಾನೊಮ್ಮೆ ಕೇಳಿದೆ. ಕೇಳಿ ಕೆಟ್ಟೆ, ಊಟದ ಬಿಡುವು ಪೂರ್ತಿ ಹೋಯಿತು. ಆದರೆ ಅವತ್ತು ಅವರು ಹೇಳಿದ್ದನ್ನು ಇವತ್ತಿಗೂ ಮರೆತಿಲ್ಲ.

"ಒಳಗಡೆ ಲೆಕ್ಕವಿಲ್ಲದಷ್ಟು ಪುಟಾಣಿ ಅಯಸ್ಕಾಂತಗಳು ಇವೆ ಅಂದ್ಕೋ. ಎಲ್ಲಾ ಒಂದೇ ಕಡೆ ಮುಖ ಮಾಡಿ ನಿಂತ್ರೆ ಬಲ. ಸ್ಕೂಲಲ್ಲಿ ಪ್ರಾರ್ಥನೆಗೆ ಮಕ್ಕಳನ್ನ ನಿಲ್ಲಿಸ್ತೀವಲ್ಲ, ಹಂಗೆ. ಬಿಸಿಲು ಏರ್ತಾ ಹೋದ್ರೆ ಏನ್ಮಾಡ್ತಾವೆ? ಕಾಲು ಬದಲಾಯಿಸ್ತಾವೆ, ಆ ಕಡೆ ಈ ಕಡೆ ತಿರುಗ್ತಾವೆ. ಸಾಲು ಸಡಿಲ ಆಯ್ತು, ಬಲ ಕಮ್ಮಿ ಆಯ್ತು. ತಂಪಾದ್ರೆ ಮತ್ತೆ ನೆಟ್ಟಗೆ ನಿಲ್ತಾವೆ. ಆದ್ರೆ ತೀರಾ ಕಾಸಿಬಿಟ್ಟೆ ಅನ್ನು, ಸಾಲೇ ಇಲ್ಲ, ಸಂತೆ! ಆಮೇಲೆ ತಂಪು ಮಾಡಿದ್ರೂ ಅವು ತಾವಾಗಿ ಸಾಲಿಗೆ ಬರಲ್ಲ, ನಾವೇ ಹೊಸದಾಗಿ ನಿಲ್ಲಿಸ್ಬೇಕು."

ಹೇಳುತ್ತಾ ಹೇಳುತ್ತಾ ಅವರೇ ಸಾಲು ತಪ್ಪಿದ ಮಗುವಿನಂತೆ ಅತ್ತಿತ್ತ ಓಲಾಡಿದರು. ಡಬ್ಬಿಯ ಅನ್ನ ಹಾಗೆಯೇ ಇತ್ತು. ನಾನು ದಿನವೂ ಪೆಟ್ಟಿಗೆಗೆ ತುಂಬಿ ಮೊಳೆ ಹೊಡೆದು ಕಳಿಸುತ್ತಿದ್ದ ಕರಿಯ ಬಿಲ್ಲೆಯೊಳಗೆ ಇಷ್ಟೆಲ್ಲ ಗಲಾಟೆ ಇದೆಯೆಂದು ಯಾರೂ ಹೇಳಿರಲಿಲ್ಲ.

ಇನ್ನು ಗೌರಮ್ಮನ ವಿಷಯ. ಅವಳು ಅಲ್ಲಿಯ ಹಳ್ಳಿಯವಳೇ. ನಮ್ಮ ಷೆಡ್ಡು ನಿಂತ ಜಾಗ ಒಂದು ಕಾಲದಲ್ಲಿ ಅವಳ ಮಾವನ ರಾಗಿಹೊಲ. "ನಮ್ ಕಣ ಇದ್ದದ್ದು ಇಲ್ಲೇಯ" ಎಂದು ಕುಲುಮೆಯ ಜಾಗ ತೋರಿಸುತ್ತಿದ್ದಳು. ಹೊಲ ಹೋದಮೇಲೆ ಅವಳಿಗೊಂದು ಕೆಲಸ ಸಿಕ್ಕಿತ್ತು, ಮನೆಯಲ್ಲಿ ಕೈಗೆ ಸಂಬಳ ಬರುತ್ತಿದ್ದುದು ಅವಳೊಬ್ಬಳಿಗೇ. ಕೊನೆಯ ತಪಾಸಣೆಯ ಮೇಜು ಅವಳದು. ಅಲ್ಲೊಂದು ಮುಳ್ಳಿನ ಮೀಟರು. ಪಕ್ಕದಲ್ಲಿ ಒಂದು ಮಾದರಿ ಕಲ್ಲು, ಬಲ ಇಷ್ಟೇ ಇರಬೇಕು ಎಂದು ಗೊತ್ತುಮಾಡಿಟ್ಟ ಬಿಲ್ಲೆ. ಬೆಳಿಗ್ಗೆ ಬಂದೊಡನೆ ಗೌರಮ್ಮ ಮಾದರಿ ಕಲ್ಲನ್ನು ಮೀಟರಿಗಿಟ್ಟು, ತಿರುಪು ತಿರುಗಿಸಿ ಮುಳ್ಳನ್ನು ಕೆಂಪು ಗೆರೆಗೆ ತರುವಳು. ಆಮೇಲೆ ಒಂದೊಂದೇ ಬಿಲ್ಲೆ ಇಡುವುದು, ಮುಳ್ಳು ಗೆರೆ ಮುಟ್ಟಿದರೆ ಪಾಸು, ಇಲ್ಲದಿದ್ದರೆ ಬುಟ್ಟಿಗೆ. ಊಟವಾದಮೇಲೆ ಇನ್ನೊಮ್ಮೆ ಮುಳ್ಳು ಸರಿಮಾಡಿಕೊಳ್ಳುವಳು. ಇದನ್ನು ಅಕ್ಕನೇ ಕಲಿಸಿದ್ದು, ಗೌರಮ್ಮ ಒಂದು ದಿನವೂ ತಪ್ಪಿಸಿದವಳಲ್ಲ.

ಹೀಗಿರುವಾಗ ಸ್ಪೀಕರು ಮಾಡುವವರಿಂದ ಮಾಲು ವಾಪಸು ಬರತೊಡಗಿತು. ಎಲ್ಲವೂ ಅಲ್ಲ. ಕೆಲವು ಪೆಟ್ಟಿಗೆ ತೆರೆದರೆ ಬಲ ಸಾಲದ ಕಲ್ಲುಗಳು, ಉಳಿದ ಪೆಟ್ಟಿಗೆಗಳಲ್ಲಿ ಒಂದೂ ಇಲ್ಲ. ಸ್ಪೀಕರಿನವರು ಇನ್ನೊಮ್ಮೆ ಹೀಗಾದರೆ ಬೇರೆ ಕಡೆ ನೋಡಿಕೊಳ್ಳುತ್ತೇವೆ ಎಂದರು. ನಮ್ಮ ಯಜಮಾನರು ಕೆಟ್ಟವರಲ್ಲ, ಆದರೆ ಆ ಒಬ್ಬ ಗಿರಾಕಿ ಹೋದರೆ ಷೆಡ್ಡಿಗೆ ಬೀಗ. ಅವರ ಬುದ್ಧಿಗೆ ತೋಚಿದ್ದು ಇಷ್ಟು: ಸಾಲದ ಕಲ್ಲನ್ನು ಪಾಸು ಮಾಡಿದವಳು ಯಾರು? ಗೌರಮ್ಮ. ಅವಳನ್ನು ಮೇಜಿನಿಂದ ಎಬ್ಬಿಸಿ ಪ್ಯಾಕಿಂಗಿಗೆ ಕೂರಿಸಿದರು, ಈ ವಾರ ಕಳೆದಮೇಲೆ ಬರುವುದು ಬೇಡ ಎಂದೂ ಹೇಳಿದರು.

"ನಾನೇನ್ ಕಣ್ ಮುಚ್ಕೊಂಡ್ ಪಾಸ್ ಮಾಡ್ದೆನಾ ಅಕ್ಕಾ? ಮುಳ್ಳು ಗೆರೆ ಮುಟ್ತು, ಮಾಡ್ದೆ. ಹೊಲಾನೂ ಹೋಯ್ತು, ಈಗ ಇದೂ ಹೋಯ್ತದೆ" ಎಂದು ಗೌರಮ್ಮ ಪೆಟ್ಟಿಗೆಗೆ ಹುಲ್ಲು ತುಂಬುತ್ತಾ ಅತ್ತಳು.

ಅಕ್ಕ ಅವಳಿಗೆ ಸಮಾಧಾನ ಹೇಳಲಿಲ್ಲ. ಅವರಿಗೆ ಅದು ಬರುತ್ತಲೂ ಇರಲಿಲ್ಲ. "ಬಿಸಿ ಕಣೇ, ಎಲ್ಲೋ ಬಿಸಿ ಇದೆ. ಹಿಡೀತೀನಿ ಇರು!" ಎಂದು ಹೊರಟೇಬಿಟ್ಟರು.

ಆ ವಾರ ಅವರ ಹಿಂದೆ ಓಡಿ ನಾನು ಸುಸ್ತಾದೆ. ಮೊದಲು ಅನುಮಾನ ಬಿದ್ದದ್ದು ಲಾರಿಯ ಮೇಲೆ. ಬಿಸಿಲಿಗೆ ಟಾರ್ಪಾಲಿನ ಕೆಳಗೆ ಕಲ್ಲು ಕಾದು ಕೆಡುತ್ತಿರಬೇಕು ಎಂದರು. ಥರ್ಮಾಮೀಟರು ಕೊಟ್ಟು ನನ್ನನ್ನು ಟಾರ್ಪಾಲಿನ ಅಡಿಯಲ್ಲಿ ಪೆಟ್ಟಿಗೆಗಳ ಜೊತೆಗೇ ಕೂರಿಸಿ ಪೇಟೆಗೆ ಕಳಿಸಿದರು. ಬೆಂದುಹೋದವನು ನಾನು, ಕಲ್ಲುಗಳಿಗೆ ಏನೂ ಆಗಲಿಲ್ಲ. "ಇಷ್ಟು ಬಿಸಿಗೆ ಪೂರ್ತಿ ಕೆಡಲ್ಲ, ಆರಿದ್ರೆ ಸರಿಹೋಗುತ್ತೆ. ಲಾರಿ ಅಲ್ಲ!" ಎಂದು ತಾವು ಸೋತದ್ದಕ್ಕೂ ಚಪ್ಪಾಳೆ ತಟ್ಟಿದರು. ಆಮೇಲೆ ಕಲ್ನಾರು ಮಾಡಿನ ಮೇಲೆ ಅನುಮಾನ. ಸೀರೆ ಎತ್ತಿಕಟ್ಟಿ ಏಣಿ ಹತ್ತಿದರು, ಯಜಮಾನರು ಕೆಳಗೆ ನಿಂತು "ಇಳೀರಮ್ಮಾ, ಬಿದ್ದರೆ ನಾನು ಜೈಲಿಗೆ ಹೋಗಬೇಕು" ಎಂದು ಗೋಗರೆದರು. ಮಾಡೂ ಅಲ್ಲ. ಕುಲುಮೆಯೂ ಅಲ್ಲ. ಒಂದೊಂದು ಊಹೆ ಸುಳ್ಳಾದಾಗಲೂ ಅಕ್ಕನ ಹುರುಪು ಏರುತ್ತಲೇ ಹೋಯಿತು, ನಮ್ಮ ಜೀವ ಬಾಯಿಗೆ ಬಂತು. ವಾರ ಮುಗಿಯುತ್ತಿತ್ತು. ಗೌರಮ್ಮ ಅಳುವುದನ್ನೂ ನಿಲ್ಲಿಸಿಬಿಟ್ಟಿದ್ದಳು, ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಶುಕ್ರವಾರ ಬಂತು. ಶುಕ್ರವಾರ ಬೆಳಿಗ್ಗೆ ನಮ್ಮಲ್ಲಿ ಪೂಜೆ. ಯಜಮಾನರೇ ಮಡಿ ಉಟ್ಟು, ದೇವರ ಪಟಕ್ಕೆ ಹೂವೇರಿಸಿ, ಮಂಗಳಾರತಿ ತಟ್ಟೆಯನ್ನು ಒಂದೊಂದು ಯಂತ್ರಕ್ಕೂ ತೋರಿಸಿಕೊಂಡು ಕೊನೆಗೆ ತಪಾಸಣೆಯ ಮೇಜಿಗೆ ಬರುವರು. ಹಿಂದಿನ ಆಯುಧಪೂಜೆಯಲ್ಲಿ ಅವರಿಗೆ ಒಂದು ಮಾತು ಹೊಳೆದಿತ್ತು: ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಹೇಳುವ ಮಾದರಿ ಕಲ್ಲೇ ನಮ್ಮ ಆಯುಧ, ಪೂಜೆ ಮೊದಲು ಅದಕ್ಕೆ. ಅಂದಿನಿಂದ ಪ್ರತಿ ಶುಕ್ರವಾರ ಮಾದರಿ ಕಲ್ಲು ತಟ್ಟೆಯಲ್ಲಿ ಕೂರುತ್ತಿತ್ತು. ನಡುವಿನ ತೂತಿಗೆ ಕರ್ಪೂರದ ಬಟ್ಟಲು ಹೇಳಿ ಮಾಡಿಸಿದಂತೆ ಸರಿಯಾಗಿ ಕೂತದ್ದು ದೈವಸಂಕಲ್ಪ ಎಂದೇ ಎಲ್ಲರೂ ತಿಳಿದಿದ್ದೆವು. ಷೆಡ್ಡನ್ನೆಲ್ಲ ಸುತ್ತುವಾಗ ಬಟ್ಟಲು ಅಲುಗುತ್ತಲೂ ಇರಲಿಲ್ಲ. ಅಕ್ಕ ಮಾತ್ರ ಆ ಹೊತ್ತಿನಲ್ಲಿ ಯಾವಾಗಲೂ ಹಿಂದೆ ಕುಲುಮೆಯ ಹತ್ತಿರ ಇರುತ್ತಿದ್ದರು, ಅಲ್ಲಿಂದಲೇ ಕೈಮುಗಿಯುತ್ತಿದ್ದರು.

ಆ ಶುಕ್ರವಾರ ಗೌರಮ್ಮನ ಜಾಗದಲ್ಲಿ ಅವರೇ ಕೂತಿದ್ದರು. ಯಜಮಾನರು ಬಂದರು. ಗಂಟೆ ಬಾರಿಸುತ್ತಿದೆ. ಬಟ್ಟಲನ್ನು ಎತ್ತಿ ಪಕ್ಕಕ್ಕಿಟ್ಟು, ಉತ್ತರೀಯದ ತುದಿಯಿಂದ ಮಾದರಿ ಕಲ್ಲನ್ನು ಹಿಡಿದು, ಹೂವಿನ ಎಸಳಿನ ಸಮೇತ ಅಕ್ಕನ ಕೈಗೆ ಇಟ್ಟರು. ಅಕ್ಕ ಅದನ್ನು ಕಣ್ಣಿಗೆ ಒತ್ತಿಕೊಂಡರು.

"ಅಯ್ಯಯ್ಯಯ್ಯೋ!"

ಮಂಗಳಾರತಿಯ ನಡುವೆ, ಶುಕ್ರವಾರ, ತಲೆಗೂದಲು ಬಿಚ್ಚಿಕೊಂಡ ಒಬ್ಬ ಹೆಂಗಸು ಹಾಗೆ ಕಿರುಚಿದರೆ ನಮ್ಮ ಜನ ಏನು ತಿಳಿದಾರು? ಗಂಟೆ ಬಾರಿಸುತ್ತಿದ್ದವನು ಇನ್ನೂ ಜೋರಾಗಿ ಬಾರಿಸಿದ. ಒಬ್ಬಾಕೆ ನಿಂಬೆಹಣ್ಣಿಗೆ ಓಡಿದಳು. ಉಜ್ಜುವ ಯಂತ್ರದ ಮೇಸ್ತ್ರಿ ಅಡ್ಡಬಿದ್ದು, "ಯಾವ ತಾಯಿ ಬಂದಿದ್ದೀಯಮ್ಮಾ? ಏನ್ ತಪ್ಪಾಯ್ತು ಹೇಳಮ್ಮಾ!" ಎಂದ.

"ಬೆಚ್ಚಗಿದೆ! ಕಲ್ಲು ಬೆಚ್ಚಗಿದೆ ಕಣ್ರೋ!" ಎಂದು ಅಕ್ಕ ಎದ್ದು ಕುಣಿದರು.

"ತಾಯಿ ಬೆಚ್ಚಗಿದ್ದಾಳಂತೆ" ಎಂದು ಮೇಸ್ತ್ರಿ ಇನ್ನೊಮ್ಮೆ ಅಡ್ಡಬಿದ್ದ.

"ಎದ್ದೇಳೋ! ಯಾವ ತಾಯಿನೂ ಬಂದಿಲ್ಲ, ನಾನೇ! ಗೌರೀ, ಬಾರೇ ಇಲ್ಲಿ! ಶುಕ್ರವಾರ ಕಲ್ಲು ಬಿಸಿ ಇರೋದು ನಿಂಗೆ ಗೊತ್ತಿತ್ತೇನೇ?"

ಗೌರಮ್ಮ ಪ್ಯಾಕಿಂಗಿನ ಮೂಲೆಯಿಂದ ಹೆದರುತ್ತಾ ಬಂದಳು. "ಊಂ ಅಕ್ಕಾ. ದ್ಯಾವ್ರ ತಟ್ಟೆಯಿಂದ ಬಂದಿದ್ದು ಬೆಚ್ಚಗೇ ಇರ್ತದಲ್ವಾ. ಕಣ್ಗೆ ಒತ್ಕೊಂಡು ಮುಳ್ಳು ಇಕ್ತಿದ್ದೆ."

ಅಕ್ಕ ಕೂತರು. ಬಿಸಿ ಕಲ್ಲನ್ನು ಮೀಟರಿಗಿಟ್ಟು ಮುಳ್ಳನ್ನು ಕೆಂಪು ಗೆರೆಗೆ ತಂದರು. ವಾಪಸು ಬಂದಿದ್ದ ರಾಶಿಯಿಂದ ಬಲ ಸಾಲದ ಒಂದು ಕಲ್ಲನ್ನು ತೆಗೆದು ಇಟ್ಟರು. ಮುಳ್ಳು ನೇರವಾಗಿ ಗೆರೆಗೆ ಹೋಗಿ ನಿಂತಿತು. ಪಾಸು! ಇನ್ನೊಂದು ಇಟ್ಟರು. ಅದೂ ಪಾಸು.

"ಅಳೆಯೋ ಪಾವೇ ಕುಗ್ಗಿದ್ರೆ ಸ್ವಲ್ಪ ಅಕ್ಕಿಗೇ ತುಂಬ್ತು ಅನ್ಸುತ್ತಲ್ಲ, ಅದೇ ಆಗಿರೋದು! ಈಗ ಇದು ಆರ್ಲಿ, ನೋಡೋಣ" ಎಂದರು. ಯಾರೋ ಚೊಂಬಿನಲ್ಲಿ ನೀರು ತಂದರು. "ನೀರು ಹಾಕ್ಬೇಡ್ರೋ, ಸೀಳಿಹೋಗುತ್ತೆ!" ಎಂದು ಕಲ್ಲನ್ನು ಮಗುವಿನಂತೆ ಎದೆಗವಚಿಕೊಂಡು, ಮೈಯ ಬಿಸಿ ತಗುಲೀತೆಂದು ತಟ್ಟನೆ ನೆನಪಾಗಿ ನೆಲದ ಮೇಲಿಟ್ಟರು. ಎಲ್ಲರೂ ಸುತ್ತ ಕುಕ್ಕರಗಾಲಲ್ಲಿ ಕೂತೆವು. ರಟ್ಟಿನ ಚೂರುಗಳಿಂದ ಗಾಳಿ ಹಾಕಿದೆವು. ತೀರ್ಥ ಪ್ರಸಾದ ಮರೆತೇಹೋಯಿತು. ಆಗಾಗ ಅಕ್ಕ ಕಲ್ಲನ್ನು ಎತ್ತಿ ಮೀಟರಿಗೆ ಇಡುವರು, ತಿರುಪು ಮುಟ್ಟದೆ. ಒಂದೊಂದು ಸಲಕ್ಕೂ ಮುಳ್ಳು ಕೆಂಪು ಗೆರೆಯನ್ನು ದಾಟಿ ಇನ್ನಷ್ಟು ಮೇಲೆ ನಿಲ್ಲುತ್ತಿತ್ತು. "ಏರ್ತು! ಇನ್ನೂ ಏರ್ತು!" ಎಂದು ಷೆಡ್ಡಿಗೆ ಷೆಡ್ಡೇ ಕೂಗುತ್ತಿತ್ತು. ಯಂತ್ರಗಳೆಲ್ಲ ನಿಂತಿವೆ, ನಿಲ್ಲಿಸಿದವರು ಯಾರೆಂದು ಯಜಮಾನರೂ ಕೇಳಲಿಲ್ಲ, ಅವರೂ ಮಡಿಯಲ್ಲೇ ಬಗ್ಗಿ ನೋಡುತ್ತಿದ್ದರು. ಕಲ್ಲು ಪೂರ್ತಿ ಆರಿತು. ಅಕ್ಕ ಮುಳ್ಳನ್ನು ಹೊಸದಾಗಿ ಗೆರೆಗೆ ತಂದು, ಅದೇ ವಾಪಸು ಬಂದ ಕಲ್ಲನ್ನು ಇಟ್ಟರು. ಮುಳ್ಳು ಗೆರೆಯ ಕೆಳಗೇ ನಿಂತುಬಿಟ್ಟಿತು. ಬುಟ್ಟಿಗೆ.

"ಸತ್ತಿರ್ಲಿಲ್ಲ, ಸುಸ್ತಾಗಿತ್ತು ಅಷ್ಟೆ!" ಎಂದರು ಅಕ್ಕ, ಮಾದರಿ ಕಲ್ಲನ್ನು ತೋರಿಸುತ್ತಾ. ವಾಪಸು ಬಂದ ಪೆಟ್ಟಿಗೆಗಳೆಲ್ಲ ಶುಕ್ರವಾರ ಊಟಕ್ಕೆ ಮುಂಚೆ ತುಂಬಿದವೇ ಎಂಬುದು ನನಗೆ ಆಗ ಹೊಳೆಯಿತು.

ಯಜಮಾನರು ಮೆಲ್ಲಗೆ ಕೇಳಿದರು: "ಹಾಗಾದ್ರೆ ಮೇಡಂ, ತಪ್ಪು ಯಾರಿಂದ ಆಯ್ತು?"

ನಾವೆಲ್ಲ ನೆಲ ನೋಡಿದೆವು. ಉತ್ತರ ಎಲ್ಲರಿಗೂ ಗೊತ್ತಿತ್ತು, ಹೇಳುವ ಧೈರ್ಯ ಯಾರಿಗಿದೆ? ಸಂಬಳ ಕೊಡುವವರು, ಮಡಿಯಲ್ಲಿ ನಿಂತವರು, ಕೈಯಲ್ಲಿ ದೇವರ ತಟ್ಟೆ.

"ನಿಮ್ಮಿಂದ್ಲೇ ಸಾರ್!" ಎಂದರು ಅಕ್ಕ. ಅದೂ ಹೇಗೆ? ಯಾರಿಗೋ ಮೊಮ್ಮಗ ಹುಟ್ಟಿದ ಸುದ್ದಿ ಹೇಳುವಂತೆ, ಎರಡೂ ಕೈ ಚಾಚಿ, ಮುಖ ಅರಳಿಸಿ. "ನಿಮ್ಮ ಕೈಯಲ್ಲೇ ಆಗಿದ್ದು ಸಾರ್! ನೀವು ಕರ್ಪೂರ ಹಚ್ಚಿ, ಇಡೀ ಷೆಡ್ಡು ಸುತ್ತಿ, ಚೆನ್ನಾಗಿ ಕಾಯಿಸಿ ತಂದು ಕೊಡ್ತಾ ಇದ್ರಿ! ಎಷ್ಟು ಸೊಗಸಾಗಿದೆ ನೋಡಿ ಸಾರ್!"

ಅಕ್ಕನ ಕೆಲಸವೂ ಹೋಯಿತು ಎಂದುಕೊಂಡೆ. ಯಜಮಾನರ ಮುಖ ಮೊದಲು ಕಪ್ಪಿಟ್ಟಿತು. ಆಮೇಲೆ ಅವರ ಕಣ್ಣು ಅಕ್ಕನ ಮುಖದ ಮೇಲೆ ನಿಂತಿತು. ಅಲ್ಲಿ ದೂರುವ ನೆರಳು ಒಂದಿಷ್ಟೂ ಇರಲಿಲ್ಲ, ಬರೀ ಖುಷಿ. ಆ ಮುಖವನ್ನು ನೋಡಿಕೊಂಡು ಸಿಟ್ಟು ಮಾಡಲು ಯಾರಿಂದಲೂ ಆಗುತ್ತಿರಲಿಲ್ಲ. ಅವರು ತಟ್ಟೆಯನ್ನು ಕೆಳಗಿಟ್ಟರು. "ಇನ್ನೊಂದ್ಸಲ ತೋರಿಸ್ರಮ್ಮಾ" ಎಂದರು. ಎರಡನೆಯ ಸಲ ಮುಗಿದಾಗ ಗೌರಮ್ಮನ ಕಡೆ ತಿರುಗಿ, "ಬಾಮ್ಮಾ, ನಿನ್ನ ಜಾಗದಲ್ಲಿ ಕೂತ್ಕೋ" ಎಂದರು. ಗೌರಮ್ಮ ಕೂತಳು.

ಕೆಲವು ದಿನ ಬಿಟ್ಟು ನಾನು ಅಕ್ಕನನ್ನು ಕೇಳಿದೆ: "ಯಜಮಾನರ ಮುಖಕ್ಕೇ ಹೇಳಿಬಿಟ್ರಲ್ಲ, ಹೆದರಿಕೆ ಆಗ್ಲಿಲ್ವಾ?"

"ಏನ್ ಹೇಳಿದೆ?" ಎಂದು ಅವರು ನಿಜಕ್ಕೂ ಕಣ್ಣು ಬಿಟ್ಟರು. ಅವರಿಗೆ ಮುಳ್ಳು ಏರಿದ್ದು ನೆನಪಿತ್ತು, ಬೇರೇನೂ ಇರಲಿಲ್ಲ. ಧೈರ್ಯವಂತರನ್ನು ನಾನು ಆಮೇಲೆ ಬಹಳ ಜನರನ್ನು ನೋಡಿದ್ದೇನೆ. ಹೆದರುವುದಕ್ಕೇ ಪುರಸೊತ್ತಿಲ್ಲದವರು ಅಕ್ಕ ಒಬ್ಬರೇ.

ಪೂಜೆ ನಿಲ್ಲಲಿಲ್ಲ. ಮಾದರಿ ಕಲ್ಲು ಮಾತ್ರ ತಟ್ಟೆಯಿಂದ ಇಳಿದು ಮೇಜಿನಲ್ಲೇ ಉಳಿಯಿತು. ಮುಂದಿನ ಶುಕ್ರವಾರ ಯಜಮಾನರು ಎಂದಿನಂತೆ ಯಂತ್ರಗಳಿಗೆಲ್ಲ ಮಂಗಳಾರತಿ ತೋರಿಸಿಕೊಂಡು ತಪಾಸಣೆಯ ಕಡೆ ಬಂದರು. ಗೌರಮ್ಮ ಆಗತಾನೇ ಕಲ್ಲನ್ನು ಮೀಟರಿಗೆ ಇಡುತ್ತಿದ್ದಳು. ತಲೆಯೆತ್ತಿ ನೋಡಿದಳು. ಎಡಗೈಯನ್ನು ಮುಂದೆ ಚಾಚಿದಳು.

"ಅಲ್ಲೇ ನಿಂತ್ಕಳಿ ಸಾ. ಬೆಂಕಿ ಇತ್ಲಾಗ್ ತರ್ಬೇಡಿ. ನಾನ್ ಮುಳ್ಳು ಇಕ್ಕಬೇಕು."

ಯಜಮಾನರು ಗಕ್ಕನೆ ನಿಂತರು. ಗಂಟೆಯವನು ಗಂಟೆ ನಿಲ್ಲಿಸಿದ. ಅಕ್ಕ ಕಂಬದ ಹಿಂದೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಗು ತಡೆಯುತ್ತಿದ್ದರು. ಗೌರಮ್ಮ ಅವಸರ ಮಾಡಲಿಲ್ಲ. ಕೈಯ ಹಿಂಭಾಗದಿಂದ ಕಲ್ಲನ್ನು ಮುಟ್ಟಿ ನೋಡಿದಳು, ತಿರುಪು ತಿರುಗಿಸಿದಳು, ಬಗ್ಗಿ ನೋಡಿದಳು, ಕೂದಲೆಳೆಯಷ್ಟು ಮತ್ತೆ ತಿರುಗಿಸಿದಳು. ತಟ್ಟೆಯಲ್ಲಿ ಕರ್ಪೂರ ಉರಿದು ಆರಿಹೋಯಿತು. ಯಜಮಾನರು ಸೊಂಟದ ಗಂಟಿನಿಂದ ಇನ್ನೊಂದು ಬಿಲ್ಲೆ ಕರ್ಪೂರ ತೆಗೆದು ಹಚ್ಚಿದರು. ಅದೂ ಅರ್ಧ ಉರಿಯಿತು.

"ಈಗ ಬನ್ನಿ ಸಾ" ಎಂದಳು ಗೌರಮ್ಮ.